ಅಮ್ಮನ ಪಾಸ್‌ಪೋರ್ಟಿನ ಹೆಸರು

ಮುಳಬಾಗಿಲಿನ ನಮ್ಮ ಮನೆಯಲ್ಲಿ ಅಜ್ಜಿಗೂ ಅಮ್ಮನಿಗೂ ಒಂದೇ ಹೆಸರು. ಸೊಸೆಯನ್ನು ಬೈಯುವಾಗ ಅತ್ತೆಯ ಹೆಸರು ಬಾಯಿಗೆ ಬಂದೀತೆಂದು, ಅಮ್ಮ ಹೊಸಿಲು ದಾಟಿದ ದಿನವೇ ಅವರಿಗೆ ಬೇರೆ ಹೆಸರಿಟ್ಟರು. ನಮ್ಮ ಕಡೆ ಇದು ಮಾಮೂಲು. ರೇಷನ್ ಕಾರ್ಡಿನಲ್ಲೂ ಹೊಸ ಹೆಸರೇ. ಹುಟ್ಟಿದಾಗ ಇಟ್ಟ ಹೆಸರು ಉಳಿದದ್ದು ಶ್ರೀನಿವಾಸಪುರದ ಶಾಲೆಯ ಸರ್ಟಿಫಿಕೇಟಿನಲ್ಲಿ ಮಾತ್ರ.

ಎಂಬತ್ತರ ದಶಕದ ಶುರುವಿನ ಮಾತು. ಅಕ್ಕ ಭಾವನ ಜೊತೆ ಪೆನಾಂಗ್‌ನಲ್ಲಿದ್ದಳು. ಒಂದು ಬಸಿರು ಇಳಿದುಹೋಗಿತ್ತು, ಎರಡನೆಯದಕ್ಕೆ ಡಾಕ್ಟರು ಪ್ರಯಾಣವೇ ಬೇಡ ಎಂದಿದ್ದರು. ಮಗಳು ತವರಿಗೆ ಬರುವಂತಿಲ್ಲ, ಹಾಗಾಗಿ ತವರೇ ಹಡಗು ಹತ್ತಬೇಕಾಯಿತು. ಮದ್ರಾಸಿನಿಂದ ಹೊರಡುವ ಹಡಗಿಗೆ ಅಪ್ಪ, ಅಮ್ಮ, ನಾನು ಮೂವರೂ ಟಿಕೆಟ್ಟು ಮಾಡಿಸಿದೆವು. ಅಮ್ಮ ಮೆಣಸಿನ ಸಾರಿನ ಪುಡಿ ಕುಟ್ಟಿ, ಹಳೆಯ ಮೆತ್ತನೆ ಸೀರೆಗಳನ್ನು ಒಗೆದು ಮಡಿಸಿಟ್ಟರು.

ಅಪ್ಪ ಕಚೇರಿಯಲ್ಲಿ ಲೆಕ್ಕ ಬರೆಯುವವರು, ಕಾಗದಪತ್ರದಲ್ಲಿ ತಮ್ಮನ್ನು ಬಿಟ್ಟರಿಲ್ಲ ಎಂಬ ಜಂಬ. ಅಮ್ಮನ ಹುಟ್ಟಿದ ದಿನಕ್ಕೆ ಶಾಲೆಯ ಸರ್ಟಿಫಿಕೇಟೊಂದೇ ದಾಖಲೆ, ಅದರಲ್ಲಿದ್ದ ಹೆಸರನ್ನೇ ಪಾಸ್‌ಪೋರ್ಟಿನ ಅರ್ಜಿಗೆ ಹಾಕಿದರು. ಸರಿಯಾದದ್ದನ್ನೇ ಮಾಡಿದರು. ಆದರೆ ಮನೆಯಲ್ಲಿ ಒಬ್ಬರಿಗೂ ಹೇಳಲಿಲ್ಲ.

ವಿಚಾರಣೆಗೆ ಪೊಲೀಸಿನವರು ಬಂದ ದಿನ ಅಮ್ಮ ಬೈರಕೂರಿನಲ್ಲಿ ಯಾರದೋ ಸೀಮಂತಕ್ಕೆ ಹೋಗಿದ್ದರು. ಮನೆಯಲ್ಲಿದ್ದದ್ದು ಅಜ್ಜಿ ಒಬ್ಬರೇ. ಸಂಜೆ ಅವರೇ ನಗುತ್ತಾ ಹೇಳಿದರು:

"ಪೊಲೀಸ್ನೋನು ಬಾಗ್ಲಲ್ಲಿ ನಿಂತು ನನ್ನ ಹೆಸರು ಕೂಗ್ದ. ನಾನೇ ಕಣಪ್ಪಾ ಅಂದೆ. ಹಡಗಲ್ಲಿ ಹೋಗ್ತೀರಾ ಅಂತಾನೆ! ನಂಗೇನು ಬಂದಿದೆ, ಈ ವಯಸ್ಸಲ್ಲಿ? ಎಲ್ಲೂ ಹೋಗಲ್ಲ, ಆ ಹೆಸರಿನೋರು ಈ ಮನೇಲಿ ಬೇರೆ ಯಾರೂ ಇಲ್ಲ ಅಂದೆ. ಬರ್ಕೊಂಡು ಹೋದ."

ಅಪ್ಪನ ಮುಖ ಬಿಳುಚಿಕೊಂಡಿತು. ಠಾಣೆಗೆ ಓಡಿಹೋಗಿ ನೋಡಿದರೆ ವರದಿ ಆಗಲೇ ಕೋಲಾರಕ್ಕೆ ಹೋಗಿತ್ತು. ಅಪ್ಪನ ಪಾಸ್‌ಪೋರ್ಟೂ ನನ್ನದೂ ಬಂದವು, ಅಮ್ಮನದು ಬರಲಿಲ್ಲ. ಅಪ್ಪ ಕೋಲಾರಕ್ಕೆ ಅಲೆದು ಅಲೆದು ಸುಸ್ತಾದ ಮೇಲೆ, ಇಬ್ಬರು ಹೆಂಗಸರನ್ನೂ ಕರೆದುಕೊಂಡು ಬನ್ನಿ ಎಂದರು ಅಲ್ಲಿನವರು. ನಾನೂ ಜೊತೆಗೆ ಹೋದೆ.

ಅಧಿಕಾರಿ ಒಳ್ಳೆಯವರೇ. "ನಿಮ್ಮ ಹೆಸರು ಹೇಳೀಮ್ಮಾ" ಎಂದರು. ಅಮ್ಮ ನೆಲ ನೋಡುತ್ತಾ ನಿಂತರು. ಅತ್ತೆಯ ಹೆಸರನ್ನು ಸೊಸೆ ಬಾಯಲ್ಲಿ ಹೇಳುವುದುಂಟೆ, ಅದೂ ಅತ್ತೆಯ ಎದುರಿಗೇ! ಅಪ್ಪ ಬಾಯಿ ಹಾಕಿದರು. "ನೀವು ಸುಮ್ನಿರಿ, ಅವರೇ ಹೇಳ್ಲಿ" ಎಂದರು ಅಧಿಕಾರಿ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಅಲ್ಲಿ ಅಕ್ಕ ದಿನ ಎಣಿಸುತ್ತಿದ್ದಾಳೆ, ಇಲ್ಲಿ ಇವರಿಗೆ ಮರ್ಯಾದೆ!

ಕೊನೆಗೆ ಅಜ್ಜಿಯೇ ಅಂದರು: "ಹೇಳೇ. ನಿಮ್ಮಪ್ಪ ಅಮ್ಮ ಇಟ್ಟಿದ್ದಲ್ವಾ? ನಾನೇನೂ ಅಂದ್ಕೊಳಲ್ಲ, ಹೇಳು."

ಅಮ್ಮ ಹೇಳಿದರು. ಕೇಳಿಸಲಿಲ್ಲ, ಇನ್ನೊಂದು ಸಲ ಎಂದರು ಅಧಿಕಾರಿ. ಎರಡನೆಯ ಸಲ ಅಮ್ಮ ತಲೆ ಎತ್ತಿ, ಆಚೆಯ ಕೋಣೆಗೂ ಕೇಳುವಂತೆ ಹೇಳಿ, ಅಲ್ಲೇ ಅತ್ತುಬಿಟ್ಟರು. ಅಜ್ಜಿ ಕಿಟಕಿಯ ಕಡೆ ತಿರುಗಿಕೊಂಡರು.

ಹೊಸ ವರದಿ ಹೋಗಿ ಪಾಸ್‌ಪೋರ್ಟು ಬರುವಷ್ಟರಲ್ಲಿ ಹಡಗು ಹೋಗಿಯಾಗಿತ್ತು. ಅಮ್ಮನನ್ನು ಬಿಟ್ಟು ನಾವೂ ಹೋಗಲಿಲ್ಲ. ಅಕ್ಕ ಆಸ್ಪತ್ರೆಯಲ್ಲಿ ಹೆತ್ತಳು, ಪಕ್ಕದಲ್ಲಿದ್ದದ್ದು ಭಾಷೆ ಬಾರದ ನೆರೆಮನೆಯಾಕೆ. ತಾಯಿ ಮಗು ಕ್ಷೇಮ ಎಂದು ಟೆಲಿಗ್ರಾಂ ಬಂತು.

"ಸದ್ಯ, ಎಲ್ಲ ಸುಸೂತ್ರವಾಯ್ತಲ್ಲ. ಇನ್ನು ಹಡಗೂ ಬೇಡ, ಏನೂ ಬೇಡ" ಎಂದರು ಅಪ್ಪ. ಅಜ್ಜಿಯೂ ಹೂಂಗುಟ್ಟಿದರು.

ಅಮ್ಮ ಮಡಿಸಿಟ್ಟ ಸೀರೆಗಳನ್ನು ಟ್ರಂಕಿಗೆ ತುಂಬುತ್ತಿದ್ದರು.

"ಮುಂದಿನ ಹಡಗಿಗೆ ನಾನೊಬ್ಳೇ ಹೋಗ್ತೀನಿ" ಎಂದರು. "ವಾಪಸ್ ಯಾವಾಗ ಅಂತ ಮಾತ್ರ ಯಾರೂ ಕೇಳ್ಬೇಡಿ."