ಒಂದು ಪರವಾನಗಿ, ಎರಡು ಅರ್ಜಿ

ಬಹುಮಹಡಿ ಕಟ್ಟಡಗಳಲ್ಲಿ ವಾಸ ಮಾಡುವವರು ಒಂದು ಸಂಗತಿಯನ್ನು ಗಮನಿಸಿರಬಹುದು. ಯಾರ ಮನೆಯಲ್ಲಿ ಏಣಿ ಇದೆಯೆಂಬ ಸುದ್ದಿ ವಾರದೊಳಗೆ ಎಲ್ಲ ಮಹಡಿಗಳಿಗೂ ಹಬ್ಬಿರುತ್ತದೆ. ಆಮೇಲೆ ಆ ಏಣಿ ಕೊಂಡವನ ಮನೆಯೊಂದನ್ನು ಬಿಟ್ಟು ಮಿಕ್ಕ ಯಾವ ಮನೆಯಲ್ಲಾದರೂ ಸಿಗುತ್ತದೆ. ತೊಂಬತ್ತರ ದಶಕದ ಸಿಂಗಪುರದಲ್ಲಿ, ಹನ್ನೆರಡು ಮಹಡಿಗಳ ನಮ್ಮ ಬ್ಲಾಕಿನಲ್ಲಿ, ನನ್ನ ಬಳಿ ಏಣಿ ಇರಲಿಲ್ಲ. ಇದ್ದದ್ದು ಇಂಗ್ಲಿಷು. ರಜಾ ಚೀಟಿ ಬರೆಯುವುದೂ ಒಂದು ಲಲಿತಕಲೆಯೆಂದೇ ನಂಬಿದ್ದ ಮೈಸೂರಿನ ಹೈಸ್ಕೂಲು ಮೇಷ್ಟರೊಬ್ಬರ ಕೃಪೆಯಿಂದ ನನಗೆ ದಕ್ಕಿದ ಆ ಇಂಗ್ಲಿಷು ಸವಿನಯ ನಿವೇದನೆಯಿಂದ ಆರಂಭವಾಗಿ, ತಮ್ಮ ಘನ ಅವಗಾಹನೆಗೆ ವಿಷಯವನ್ನು ತಂದು, ತಮ್ಮ ಉಪಕಾರಕ್ಕೆ ಆಜೀವ ಋಣಿಯಾಗಿರುವುದರಲ್ಲಿ ಮುಗಿಯುತ್ತಿತ್ತು. ಹೊಟ್ಟೆನೋವಿಗೆ ಒಂದು ದಿನದ ರಜೆ ಕೇಳುವುದಕ್ಕೂ ಅದರಲ್ಲಿ ಒಂದೂವರೆ ಪುಟ ಬೇಕಾಗುತ್ತಿತ್ತು.

ನಾನು ಅಲ್ಲಿನ ಪಾಲಿಟೆಕ್ನಿಕ್ ಒಂದರಲ್ಲಿ ಗಣಿತ ಕಲಿಸುತ್ತಿದ್ದೆ. ಆದರೆ ಬ್ಲಾಕಿನ ಜನಕ್ಕೆ ನಾನು ಪತ್ರ ಬರೆಯುವ ಟೀಚರ್ ಆಗಿದ್ದೆ. ಲಿಫ್ಟ್ ಕೆಟ್ಟರೆ ನಾನು, ಪಾರಿವಾಳಗಳ ಹಾವಳಿಯಾದರೆ ನಾನು. ಒಮ್ಮೆ ಎಂಟನೆಯ ಮಹಡಿಯವರು ಬಂದು, ಮೇಲಿನ ಮನೆಯವರು ಬಿದಿರ ಗಳಕ್ಕೆ ಒಣಹಾಕುವ ಬಟ್ಟೆಯಿಂದ ನೀರು ತೊಟ್ಟಿಕ್ಕುತ್ತದೆಂದು ದೂರು ಬರೆಸಿಕೊಂಡು ಹೋದರು. ಎರಡು ದಿನ ಬಿಟ್ಟು ಒಂಬತ್ತನೆಯ ಮಹಡಿಯವರು ಬಂದು ಆ ದೂರಿಗೆ ಉತ್ತರ ಬರೆಸಿಕೊಂಡು ಹೋದರು. ಉತ್ತರ ದೂರಿಗಿಂತ ಚೆನ್ನಾಗಿತ್ತೆಂದು ನನ್ನ ವೈಯಕ್ತಿಕ ಅಭಿಪ್ರಾಯ. ತಾವು ಇದನ್ನು ದ್ವಂದ್ವನೀತಿ ಎಂದು ಕರೆಯಬಹುದು. ಹಳೇ ಮೈಸೂರಿನ ನಾವು ಇದಕ್ಕೆ ದಾಕ್ಷಿಣ್ಯ ಎನ್ನುತ್ತೇವೆ. ಬಾಗಿಲಿಗೆ ಬಂದ ಮುಖ ನೋಡಿ ಆಗುವುದಿಲ್ಲ ಎನ್ನುವ ಧೈರ್ಯ ನಮ್ಮ ಕಡೆಯ ಗಂಡಸರಿಗೆ ಹುಟ್ಟಿನಿಂದಲೇ ಬಂದಿಲ್ಲ. ಬಹಳ ಕಠಿಣವಾಗಿ ನಿರಾಕರಿಸಬೇಕಾದಾಗ ನಾವು ನೋಡೋಣ ಎನ್ನುತ್ತೇವೆ.

ಈ ನೋಡೋಣ ಮೈಸೂರಿನಲ್ಲಿ ಚಲಾವಣೆಯಾಗುವಂತೆ ಸಿಂಗಪುರದಲ್ಲಿ ಆಗುವುದಿಲ್ಲವೆಂದು ನನಗೆ ತಿಳಿದದ್ದು ಲಿಮ್ ಅಂಕಲ್ ಅವರಿಂದ.

ನಮ್ಮ ಬ್ಲಾಕಿನ ನೆಲಮಹಡಿಯಲ್ಲಿ, ವಾಯ್ಡ್ ಡೆಕ್ ಎಂದು ಕರೆಯುವ ಗೋಡೆಯಿಲ್ಲದ ಆ ದೊಡ್ಡ ಜಗುಲಿಯ ಪಕ್ಕದಲ್ಲೇ, ಲಿಮ್ ಅಂಕಲ್ ಅವರ ಕಿರಾಣಿ ಅಂಗಡಿ. ಅಕ್ಕಿ, ಊದುಬತ್ತಿ, ಸೊಳ್ಳೆಬತ್ತಿ, ಮೇಲಿಂದ ತೋರಣದಂತೆ ಇಳಿಬಿದ್ದ ಹವಾಯಿ ಚಪ್ಪಲಿ. ನನ್ನ ಹೆಂಡತಿ ಸುಮಿತ್ರಾ ಒಂದು ಸಲ ಕೇಳಿದಳೆಂಬ ಒಂದೇ ಕಾರಣಕ್ಕೆ ಅವರು ಪ್ರತಿ ಗುರುವಾರ ಲಿಟಲ್ ಇಂಡಿಯಾಕ್ಕೆ ಹೋಗಿ ಕರಿಬೇವು, ಹುಣಸೆಹಣ್ಣು ತಂದಿಡಲು ಶುರುಮಾಡಿದರು. ಕರಿಬೇವಿಗೆ ಅವರಿಟ್ಟ ಹೆಸರು ಆಂಟಿ ಲೀಫ್. ಅರವತ್ತರ ಹತ್ತಿರದ ವಯಸ್ಸು, ಸದಾ ಬಿಳಿ ಬನಿಯನ್ನು, ಮಾತು ಕಡಿಮೆ.

ಹೀಗಿರಲಾಗಿ ಬಸ್ ಸ್ಟಾಪಿನ ಆಚೆ ಬದಿಗೆ ಹವಾನಿಯಂತ್ರಿತ ಸೂಪರ್ ಮಾರ್ಕೆಟ್ ಒಂದು ತೆರೆಯಿತು. ಟುವಾಸ್ ಕಡೆಯ ಕಾರ್ಖಾನೆಗಳಿಂದಲೂ ಪಾಸಿರ್ ಪಂಜಾಂಗ್ ಬಂದರಿನಿಂದಲೂ ಶಿಫ್ಟ್ ಮುಗಿಸಿ ಬಸ್ಸಿಳಿಯುವವರು ತಣ್ಣನೆಯ ಬಿಯರಿಗೆಂದು ಅಲ್ಲಿಗೆ ಹೋಗುತ್ತಿದ್ದರು. ಹೋದವರು ಮೊಟ್ಟೆ, ಬ್ರೆಡ್ಡು, ಸೋಪನ್ನೂ ಅಲ್ಲೇ ಕೊಳ್ಳುತ್ತಿದ್ದರು. ಆರು ತಿಂಗಳಲ್ಲಿ ಲಿಮ್ ಅಂಕಲ್ ಅಂಗಡಿಯಲ್ಲಿ ಅವರೂ ಅವರ ರೇಡಿಯೋವೂ ಮಾತ್ರ ಉಳಿದವು. ಬಿಯರು ಇಲ್ಲಿ ಸಿಕ್ಕರೆ ಮೊಟ್ಟೆಯೂ ಇಲ್ಲೇ ಮಾರಾಟವಾಗುತ್ತದೆ ಎಂಬುದು ಅವರ ತರ್ಕ. ಗಣಿತದ ಮೇಷ್ಟರಾದ ನನಗೂ ಅದರಲ್ಲಿ ದೋಷ ಕಾಣಲಿಲ್ಲ. ತಮಾಷೆಯೆಂದರೆ, ಅರ್ಧ ಲೋಟ ಕುಡಿದರೆ ಮೈಯೆಲ್ಲ ಕೆಂಪಾಗುವ ಆ ಮನುಷ್ಯ ಬಿಯರನ್ನು ಮುಟ್ಟುತ್ತಿರಲಿಲ್ಲ.

ಒಂದು ಸಂಜೆ ಅವರು ನಮ್ಮ ಬಾಗಿಲಿಗೆ ಬಂದು, "ಟೀಚರ್, ಬಿಯರ್ ಲೈಸೆನ್ಸ್ ಲೆಟರ್. ಯು ರೈಟ್ ಫಾರ್ ಮಿ, ಕ್ಯಾನ್ ಆರ್ ನಾಟ್?" ಎಂದರು. ಹೆಂಡದ ವ್ಯವಹಾರಕ್ಕೆ ಕೈಹಾಕಲು ಹಿಂಜರಿದು ನಾನು ಇಂಗ್ಲಿಷಿನಲ್ಲಿ ನೋಡೋಣ ಎಂದೆ. ಅವರು ಧನ್ಯವಾದ ಹೇಳಿ ಹೋದರು. ಮರುದಿನ ಬೆಳಿಗ್ಗೆ ಬಿಳಿ ಹಾಳೆಗಳ ಕಟ್ಟಿನೊಂದಿಗೆ ಹಾಜರಾದರು. ಇನ್ನು ಆಗುವುದಿಲ್ಲ ಎನ್ನಲು ನಾನು ಇನ್ನೊಂದು ಜನ್ಮ ಎತ್ತಬೇಕಿತ್ತು. ಕೂತು ಕೇಳಿದೆ. ಪರವಾನಗಿ ಸಿಗದಿದ್ದರೆ ಚೀನೀ ಹೊಸವರ್ಷದ ಹೊತ್ತಿಗೆ ಅಂಗಡಿ ಮುಚ್ಚಿ ಟ್ಯಾಕ್ಸಿ ಓಡಿಸಬೇಕು ಎಂದು ಅವರು ಕೈ ನೋಡಿಕೊಳ್ಳುತ್ತ ಹೇಳಿದರು. ನಾನು ಎರಡು ಪುಟ ಬರೆದೆ. ಇಪ್ಪತ್ತು ವರ್ಷ ಒಂದೇ ಜಾಗದಲ್ಲಿ ನಿಂತು ನೆರೆಹೊರೆಗೆ ಉಪ್ಪು ಕೊಟ್ಟವನ ಕಥೆ ಅದರಲ್ಲಿ ಮನಮುಟ್ಟುವಂತೆ ಬಂದಿತ್ತು.

ಹತ್ತು ದಿನಗಳಲ್ಲಿ ಅಂಗಡಿಯ ಬಾಗಿಲಿಗೆ ಪರವಾನಗಿ ಮಂಡಳಿಯ ನೋಟೀಸು ಅಂಟಿತು. ಆಕ್ಷೇಪಣೆಯಿದ್ದವರು ಎರಡು ವಾರದೊಳಗೆ ಬರೆದು ಸಲ್ಲಿಸಬಹುದು. ಅದೇ ಸಂಜೆ ಏಳನೆಯ ಮಹಡಿಯ ಶ್ರೀಕಂಠಯ್ಯನವರು ಬಂದು, "ಏನಿಲ್ಲ ಮೂರ್ತಿಯವರೇ, ಸುಮ್ನೆ ಬಂದೆ" ಎಂದು ಕೂತರು. ಸುಮ್ಮನೆ ಬಂದ ಹಳೇ ಮೈಸೂರಿನವರ ಜೇಬಿನಲ್ಲಿ ಏನಾದರೊಂದು ಕಾಗದ ಇದ್ದೇ ಇರುತ್ತದೆ. ಶ್ರೀಕಂಠಯ್ಯನವರು ಬ್ಯಾಂಕಿನಲ್ಲಿ ದೊಡ್ಡ ಹುದ್ದೆಯಲ್ಲಿದ್ದವರು, ಚಾಮರಾಜನಗರದ ಕಡೆಯವರು. ಸುತ್ತಮುತ್ತಲ ಬ್ಲಾಕುಗಳ ಕನ್ನಡದವರೆಲ್ಲ ಗಣೇಶನ ಹಬ್ಬಕ್ಕೆ ಸೇರುತ್ತಿದ್ದದ್ದು ಅವರ ಮನೆಯಲ್ಲಿ. ಪರದೇಶದಲ್ಲಿ ನನಗೆ ಅಣ್ಣನಂತಿದ್ದರು ಎಂದರೆ ಅತಿಶಯವಲ್ಲ.

"ಒಂದ್ ಆಕ್ಷೇಪಣೆ ಬರ್ಕೊಡ್ಬೇಕು ನೀವು. ಮನೆ ಕೆಳಗೇ ಬಿಯರ್ ಸಿಕ್ಕಿದ್ರೆ ನಮ್ ಮಕ್ಳು ದಿನಾ ಏನ್ ನೋಡ್ಕೊಂಡ್ ಸ್ಕೂಲಿಂದ ಬರ್ಬೇಕು ಹೇಳಿ. ನಮ್ ದೊಡ್ಡಪ್ಪನ್ನ ನಾನು ನೋಡಿದೀನಿ ಮೂರ್ತಿಯವರೇ. ಬೀದೀಲಿ ಬಿದ್ದಿರೋರು, ನಾನೇ ಹೋಗಿ ಎಬ್ಬಿಸ್ಕೊಂಡ್ ಬರ್ತಿದ್ದೆ" ಎಂದರು. ಅವರು ಅದನ್ನು ಅದುವರೆಗೆ ಯಾರಿಗೂ ಹೇಳಿರಲಿಲ್ಲವೆಂದು ಅವರ ದನಿಯಿಂದಲೇ ತಿಳಿಯುತ್ತಿತ್ತು. ಆಗ ನಾನು, ಸ್ವಾಮಿ, ಲಿಮ್ ಅಂಕಲ್ ಅವರ ಅರ್ಜಿ ಬರೆದವನು ನಾನೇ ಎಂದುಬಿಡಬೇಕಿತ್ತು. ಬಾಯಿ ತೆರೆದೆ, ಕಾಫಿ ತಗೊಳ್ಳಿ ಎಂಬ ಮಾತು ಬಂತು. ಅವರು ಹೋದ ಮೇಲೆ ಆಕ್ಷೇಪಣೆಯನ್ನು ಬರೆದೆ. ವಾಯ್ಡ್ ಡೆಕ್ಕಿನ ಕಲ್ಲುಮೇಜುಗಳ ಮೇಲೆ ಮಕ್ಕಳು ಲೆಕ್ಕ ಬಿಡಿಸುತ್ತ ಕೂರುವ ದೃಶ್ಯವನ್ನು ವರ್ಣಿಸುವಾಗ ನನ್ನ ಕಣ್ಣೇ ಒದ್ದೆಯಾಯಿತು. ನಲವತ್ತಾರು ಸಹಿ ಬಿತ್ತು.

ಸುಮಿತ್ರಾ ಎರಡು ಕರಡುಗಳನ್ನೂ ಓದಿ, "ಲಿಮ್ ಅಂಕಲ್ ಅಂಗಡಿ ಮುಚ್ಚಿದ್ರೆ ಕರಿಬೇವಿಗೆ ಲಿಟಲ್ ಇಂಡಿಯಾಗೆ ನೀವೇ ಹೋಗ್ಬೇಕು, ಈಗ್ಲೇ ಹೇಳಿದೀನಿ" ಎಂದಳು. ಅವಳ ಆಕ್ಷೇಪಣೆಯಲ್ಲಿ ಒಂದಾದರೂ ವಿಶೇಷಣವಿರಲಿಲ್ಲ.

ವಿಚಾರಣೆ ಒಂದು ಶನಿವಾರ ಬೆಳಿಗ್ಗೆ, ಕಮ್ಯುನಿಟಿ ಸೆಂಟರಿನ ಕೋಣೆಯೊಂದರಲ್ಲಿ. ಲಿಮ್ ಅಂಕಲ್ ತುಂಬುತೋಳಿನ ಅಂಗಿ ತೊಟ್ಟು ಬಂದಿದ್ದರು. ಬನಿಯನ್ನಿನಾಚೆ ಅವರನ್ನು ನಾನು ಕಂಡದ್ದು ಅದೇ ಮೊದಲು. ಶ್ರೀಕಂಠಯ್ಯನವರು ಟೈ ಕಟ್ಟಿದ್ದರು. ಇಬ್ಬರೂ ನನ್ನನ್ನು ನೋಡಿ ನಮ್ಮ ಕಡೆಯವನು ಬಂದ ಎಂಬ ಸಮಾಧಾನದಿಂದ ತಲೆಯಾಡಿಸಿದರು. ನಾನು ಕೊನೆಯ ಸಾಲಿನಲ್ಲಿ ಕಂಬದ ಹಿಂದೆ ಕುಳಿತೆ. ಮಂಡಳಿಯ ಅಧಿಕಾರಿ ಕನ್ನಡಕದ ತರುಣಿ. ಆಕೆ ಅರ್ಜಿಯನ್ನು ಗಟ್ಟಿಯಾಗಿ ಓದಿದಳು. ಆಕ್ಷೇಪಣೆಯನ್ನು ಓದತೊಡಗಿ ಎರಡನೆಯ ಸಾಲಿಗೇ ನಿಂತಳು. ಎರಡೂ ಹಾಳೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದಳು. ಎರಡೂ ಸವಿನಯವಾಗಿ ನಿವೇದಿಸಿಕೊಂಡಿದ್ದವು, ಎರಡೂ ಆಕೆಯ ಘನ ಅವಗಾಹನೆಗೆ ವಿಷಯ ತಂದಿದ್ದವು, ಎರಡೂ ಆಕೆ ಮಾಡಲಿರುವ ತದ್ವಿರುದ್ಧ ಉಪಕಾರಗಳಿಗೆ ಆಜೀವ ಋಣಿಯಾಗಿದ್ದವು. ಸಿಂಗಪುರದಲ್ಲಿ ಮೂವತ್ತು ಲಕ್ಷ ಜನರಿದ್ದರೂ ಆ ಮೇಷ್ಟರ ಶಿಷ್ಯ ಒಬ್ಬನೇ ಎಂಬುದು ನನಗೆ ಮುಂಚೆಯೇ ಹೊಳೆಯಬೇಕಿತ್ತು.

"ಇವನ್ನು ಯಾರು ಬರೆದದ್ದು?" ಎಂದು ಆಕೆ ಇಂಗ್ಲಿಷಿನಲ್ಲಿ ಕೇಳಿದಳು. ಕಂಬದ ಹಿಂದಿನಿಂದ ನಾನು ಎದ್ದು ನಿಂತೆ. ಲಿಮ್ ಅಂಕಲ್ ಬೆರಗಾಗಿ ನೋಡಿದರು. ಶ್ರೀಕಂಠಯ್ಯನವರು ನನ್ನ ಕಡೆ ತಿರುಗಿ ಮತ್ತೆ ಮುಂದಕ್ಕೆ ತಿರುಗಿಬಿಟ್ಟರು. ಆಕೆ ನಗಲೂ ಇಲ್ಲ, ಗದರಲೂ ಇಲ್ಲ. ಇವೆರಡರಲ್ಲಿ ನೀವು ಯಾವುದನ್ನು ನಂಬುತ್ತೀರಿ ಎಂದಳು. ಎರಡನ್ನೂ ಎಂದೆ. ಅದು ನಿಜವೂ ಆಗಿತ್ತು. "ಬೋತ್ ಕ್ಯಾನಾಟ್, ಸರ್" ಎಂದಳು ಆಕೆ, ಬಹಳ ಮರ್ಯಾದೆಯಿಂದ.

ಓದುಗ ಮಹಾಶಯರೇ, ನಲವತ್ತೆರಡು ವರ್ಷಗಳ ನನ್ನ ಜೀವನದಲ್ಲಿ ನನ್ನ ಅಭಿಪ್ರಾಯವನ್ನು ಅಷ್ಟು ನೇರವಾಗಿ ಯಾರೂ ಕೇಳಿರಲಿಲ್ಲ. ಕೇಳಿದ್ದರೂ ನಾನು ಕಾಫಿ ಕೊಟ್ಟು ಕಳಿಸಿರುತ್ತಿದ್ದೆ. ಒಳಗೆ ಹುಡುಕಿದರೆ ಎರಡು ಕಡೆಯವರ ಮಾತುಗಳೂ ಹೊಂದಿಸಿಟ್ಟಂತೆ ಇದ್ದವು, ನನ್ನದೆಂಬುದು ಮಾತ್ರ ಇರಲಿಲ್ಲ. ನಾಚಿಕೆಯಾಯಿತು. ಆಮೇಲೆ ಬಾಯಿಂದ ಬಂದದ್ದು ಮೇಷ್ಟರು ಕೇಳಿದ್ದರೆ ಬೆಂಚಿನ ಮೇಲೆ ನಿಲ್ಲಿಸುವಂಥ ಮುರುಕು ಇಂಗ್ಲಿಷು. ಅಂಗಡಿಯವರಿಗೆ ಕೊಡಿ. ಮನೆಗೆ ಒಯ್ಯುವುದಕ್ಕೆ ಮಾತ್ರ. ಬ್ಲಾಕಿನ ಕೆಳಗೆ ಕೂತು ಯಾರೂ ಕುಡಿಯಬಾರದು. ಶ್ರೀಕಂಠಯ್ಯನವರ ಭಯ ಸುಳ್ಳಲ್ಲ, ಹಾಗೇನಾದರೂ ಆದರೆ ಮುಂದಿನ ವರ್ಷ ಕಿತ್ತುಕೊಳ್ಳಿ. ಇಷ್ಟು ಹೇಳಿ ಕುಳಿತೆ. ಎರಡು ವಾರದ ಮೇಲೆ ಮಂಡಳಿಯ ತೀರ್ಮಾನ ಬಂತು: ಒಂದು ವರ್ಷಕ್ಕೆ ಪರವಾನಗಿ, ರಾತ್ರಿ ಒಂಬತ್ತರವರೆಗೆ ಮಾರಾಟ, ಸ್ಥಳದಲ್ಲಿ ಕುಡಿಯುವಂತಿಲ್ಲ.

ಶ್ರೀಕಂಠಯ್ಯನವರು ನನ್ನ ಜೊತೆ ಮಾತು ಬಿಟ್ಟರು. ಲಿಫ್ಟಿನಲ್ಲಿ ಸಿಕ್ಕರೆ ಮಹಡಿಯ ಅಂಕಿಗಳನ್ನು ತದೇಕಚಿತ್ತದಿಂದ ನೋಡುತ್ತಿದ್ದರು. ಆ ವರ್ಷ ಗಣೇಶನ ಹಬ್ಬಕ್ಕೆ ಕರೆ ಬರಲಿಲ್ಲ. ಸುಮಿತ್ರಾ ಮನೆಯಲ್ಲೇ ಕಡುಬು ಮಾಡಿದಳು. ಚೆನ್ನಾಗಿಯೇ ಇತ್ತು, ಆದರೆ ನಾನು ಒಂದನ್ನು ತಿಂದು ಎದ್ದೆ. ಅವರಿಗೆ ಬೇಸರವಾದದ್ದು ನಾನು ಲಿಮ್ ಅಂಕಲ್ ಪರ ನಿಂತದ್ದಕ್ಕಲ್ಲ. ದೊಡ್ಡಪ್ಪನ ಮಾತನ್ನು ಅವರು ನನ್ನೆದುರು ಎತ್ತಿದಾಗ ನಾನು ನನ್ನ ಮಾತನ್ನು ಮುಚ್ಚಿಟ್ಟುಕೊಂಡೆನಲ್ಲ, ಅದಕ್ಕೆ.

ಇತ್ತ ಲಿಮ್ ಅಂಕಲ್ ಮಂಡಳಿಯ ಷರತ್ತುಗಳನ್ನು ತಮ್ಮದೇ ರೀತಿಯಲ್ಲಿ ಜಾರಿಗೆ ತಂದರು. ಸಂಜೆ ಯಾರಾದರೂ ಕಲ್ಲುಮೇಜಿನ ಮೇಲೆ ಕೂತು ಬಿಯರ್ ಡಬ್ಬಿ ತೆರೆದರೆ ಸಾಕು, ಪೊರಕೆ ಹಿಡಿದು ಹೊರಗೆ ಬಂದು, ಆತನ ಕಾಲ ಸುತ್ತ ಗುಡಿಸಲು ಶುರುಮಾಡುತ್ತಿದ್ದರು. ಆತ ಕಾಲೆತ್ತಿದರೆ ಕಾಲ ಕೆಳಗೆ, ಪಕ್ಕಕ್ಕೆ ಸರಿದರೆ ಪಕ್ಕದಲ್ಲಿ. ಎದ್ದು ಹೋಗುವವರೆಗೆ ಗುಡಿಸುವುದು. ಬಂದರಿನ ಕ್ರೇನ್ ಓಡಿಸುವ ಒಬ್ಬಾತ ದಿನಾ ಹೆಚ್ಚುಹೆಚ್ಚು ಕೊಳ್ಳತೊಡಗಿದಾಗ ಒಂದು ದಿನ ಲಿಮ್ ಅಂಕಲ್ ಫ್ರಿಜ್ಜಿನ ಬಾಗಿಲಿಗೆ ಬೆನ್ನು ಕೊಟ್ಟು ನಿಂತು, "ಟುಡೇ ನೋ ಮೋರ್ ಲಾ. ಗೋ ಹೋಮ್, ಈಟ್ ರೈಸ್" ಎಂದದ್ದನ್ನು ನಾನೇ ಕೇಳಿದೆ. ತುಂಬಿದ ಫ್ರಿಜ್ಜು ಅವರ ಬೆನ್ನ ಹಿಂದೆ ಗುರುಗುಡುತ್ತಿತ್ತು. ಆ ಹೊತ್ತಿಗೆ ಬ್ಯಾಂಕಿನಿಂದ ಬಂದು ಅಂಗಡಿಯ ಮುಂದೆಯೇ ಹಾದು ಏಳನೆಯ ಮಹಡಿಗೆ ಲಿಫ್ಟು ಹಿಡಿಯಬೇಕಾದ ಇನ್ನೊಬ್ಬರೂ ಅಲ್ಲಿ ಕ್ಷಣಕಾಲ ನಿಂತಿದ್ದರು.

ವರ್ಷ ತುಂಬಿತು. ಪರವಾನಗಿಯ ನವೀಕರಣಕ್ಕೆ ಮತ್ತೆ ನೋಟೀಸು ಅಂಟಿತು. ಒಂದು ಭಾನುವಾರ ಬೆಳಿಗ್ಗೆ ಬಾಗಿಲು ತೆರೆದರೆ ಶ್ರೀಕಂಠಯ್ಯನವರು. ಒಳಗೆ ಬಂದು ಕೂತು, ಪೀಠಿಕೆಯಿಲ್ಲದೆ, "ನಾನೇ ಬರ್ದಿದೀನಿ. ಇಂಗ್ಲಿಷ್ ಸರಿ ಇದ್ಯಾ ನೋಡಿ" ಎಂದು ಒಂದು ಹಾಳೆ ಕೊಟ್ಟರು. ಅದರಲ್ಲಿ ಇದ್ದದ್ದು ಮೂರೇ ವಾಕ್ಯ. ಕಳೆದ ವರ್ಷ ನಾನು ವಿರೋಧಿಸಿದ್ದೆ. ಅಂಗಡಿಯವರು ಮಾತು ಉಳಿಸಿಕೊಂಡಿದ್ದಾರೆ. ಈ ವರ್ಷ ನನ್ನ ಆಕ್ಷೇಪಣೆಯಿಲ್ಲ.

ಅಭ್ಯಾಸಬಲದಿಂದ ಪೆನ್ನು ತೆರೆದೆ. ಎಲ್ಲಿ ಏನು ಸೇರಿಸುವುದೆಂದು ಎರಡು ಸಲ ಓದಿದೆ. ಸೇರಿಸುವಂಥದು ಏನೂ ಇರಲಿಲ್ಲ. ಹಾಗೆಯೇ ಹೇಳಿದೆ.

"ಹಾಗಿದ್ರೆ ಕೆಳಗೆ ನೀವೂ ಒಂದ್ ಸೈನ್ ಹಾಕಿ" ಎಂದರು.

ಅವರ ಸಹಿಯ ಪಕ್ಕದಲ್ಲಿ ಜಾಗ ಬಿಟ್ಟಿದ್ದರು. ಅಷ್ಟು ವರ್ಷ ಬ್ಲಾಕಿನವರ ಪತ್ರಗಳನ್ನೆಲ್ಲ ಬರೆದ ನಾನು ಒಂದರ ಕೆಳಗೂ ನನ್ನ ಹೆಸರು ಹಾಕಿರಲಿಲ್ಲ. ಹಾಕಿದೆ. ಶ್ರೀಕಂಠಯ್ಯನವರು ಹಾಳೆಯನ್ನು ಮಡಿಸಿ ಜೇಬಿಗಿಟ್ಟುಕೊಂಡು, "ಈ ಸಲ ಹಬ್ಬಕ್ಕೆ ಬೆಳಿಗ್ಗೆನೇ ಬನ್ನಿ, ಮಂಟಪ ಕಟ್ಟೋಕೆ ಜನ ಇಲ್ಲ" ಎಂದರು.

ಬರ್ತೀನಿ ಎಂದೆ.