ಮಷಿನ್‌ಗೆ ಹಚ್ಚಿದ ಭಂಡಾರ

ಉಗರಗೋಳದಾಗ ನಮ್ಮದು ಯಲ್ಲಮ್ಮಗ ಏರಸೂ ಅರಿಷಿಣದ ಭಂಡಾರ, ಕುಂಕುಮ ಮಾರೂ ಅಂಗಡಿ. ನಿದ್ದಿಯೊಳಗ ನನ್ನ ಉಸಿರು ಆಗಾಗ ನಿಲ್ಲತೈತಿ ಅಂತ ಡಾಕ್ಟರ್ ಹೇಳಿ, ಮೂಗಿಗೆ ಗಾಳಿ ಒತ್ತೂ ಮಷಿನ್ ಬರದುಕೊಟ್ರು. ಮಾಸ್ಕ್ ಆರಿಸೂ ಮುಂದ ಮಷಿನ್ ಮಾರೂ ಅಂಗಡಿಯಾತ, "ಮೂಗುಬೊಟ್ಟು ತಗೀರಿ, ಇಲ್ಲಾಂದ್ರ ಗಾಳಿ ಸೋರತೈತಿ" ಅಂದ. "ಬೊಟ್ಟು ತಗಿಯೂದಿಲ್ಲ, ಬ್ಯಾರೆ ಮಾಸ್ಕ್ ತೋರಸ್ರಿ" ಅಂದೆ. ಮೂಗಿನ ಹೊಳ್ಳಿ ಕೆಳಗಷ್ಟ ಕೂಡೂ ಸಣ್ಣ ಮಾಸ್ಕ್ ಸಿಗೂತನಕಾ ಕುರ್ಚಿ ಬಿಟ್ಟು ಏಳಲಿಲ್ಲ.

ಮನಿಗೆ ಬಂದು ಮಷಿನ್ ಇಟ್ಟು, ಮಾರಿ ತೊಳಕೊಂಡು ಬಂದೆ. ಮಾಸ್ಕ್ ಹಾಕ್ಕೊಂಡು ನೋಡಿದ್ರ ಒಂದ ಸಮನ ಸೀನು. ಮಷಿನ್ ಬಿಚ್ಚಿದ್ರ ಒಳಗಿನ ಫಿಲ್ಟರ್ ಹಳದಿ! ಹೊಸಾ ಗಾಡಿಗೆ ಹಚ್ಚಿದಂಗ ನಮ್ಮ ಅತ್ತಿ ಮಷಿನ್‌ಗೂ ಭಂಡಾರ ಹಚ್ಚಿದ್ರು, ಅದೂ ಗಾಳಿ ಎಳಕೊಳ್ಳೂ ಕಿಂಡಿಗೆ. ನನಗ ಸಿಟ್ಟು ನೆತ್ತಿಗೇರಿತು. "ಇದೇನು ಟ್ರ್ಯಾಕ್ಟರ್ ಏನ್ರಿ?" ಅಂತ ಒದರಿದೆ.

ಅತ್ತಿ ತಣ್ಣಗ ಅಂದ್ರು: "ನಿನ್ನ ಉಸಿರು ನಿಂತಾಗೆಲ್ಲಾ ಅಲಗಾಡಿಸಿ ಎಬ್ಬಿಸಿದಾಕಿ ನಾನು. ಇನ್ನ ಮ್ಯಾಲ ಆ ಕೆಲಸ ಇದರದು. ಕೈ ಮುಗದು ಒಪ್ಪಿಸಬಾರದೇನು?"

ಅವತ್ತಿನಿಂದ ದಿನಾ ಮುಂಜಾನೆ ಮಾಸ್ಕ್ ನಾನ ತೊಳೀತೇನಿ, ಫಿಲ್ಟರ್ ನಾನ ಝಾಡಸತೇನಿ. ಒಂದಿನಾನೂ ತಪ್ಪಿಸಿಲ್ಲ, ತಪ್ಪಿಸೂದೂ ಇಲ್ಲ. ಅತ್ತಿ ಇನ್ನರ ಕಣ್ತುಂಬ ನಿದ್ದಿ ಮಾಡಲಿ.