ಮೂರುಗಾಲಿಯ ಹಿಂದಿನ ಹಲಗೆ

ಇವತ್ತು ಹೊಲಿಗೆ ಅಂಗಡಿಯ ಯಜಮಾನನಾಗಿ ಕೂತಿರುವವನು ಆಗ ದರ್ಜಿ ಸೋದರಮಾವನ ಮನೆಗೆ ಬಂದು ಬಿದ್ದ ತಬ್ಬಲಿ. ಬೀದಿಯವರು ಇಟ್ಟ ಹೆಸರು ಪರದೇಶಿ. ಅತ್ತೆಯ ಬಾಯಲ್ಲಂತೂ ಅವನು ಕೂಳಿಗೆ ದಂಡ, ಭೂಮಿಗೆ ಭಾರ. ಹುಡುಗರು ಅವನನ್ನು ಆಟಕ್ಕೆ ಸೇರಿಸುತ್ತಿರಲಿಲ್ಲ. ಮೂರುಗಾಲಿ ಎಂದು ಕರೆಸಿಕೊಳ್ಳುತ್ತಿದ್ದ, ಕಾಲು ಸೊರಗಿದ ಇನ್ನೊಬ್ಬನನ್ನಂತೂ ಲೆಕ್ಕಕ್ಕೇ ಹಿಡಿದಿರಲಿಲ್ಲ. ಕೈಯಿಂದ ತಿರುಗಿಸುವ ಮೂರು ಚಕ್ರದ ಗಾಡಿಯಲ್ಲಿ ಶಾಲೆಗೆ ಹೋಗುತ್ತಿದ್ದ ಆ ಹುಡುಗ ಒಂದು ದಿನ ಪರದೇಶಿಗೆ ಹಿಂದಿನ ಹಲಗೆ ತೋರಿಸಿ, ಕೂತ್ಕೊಳ್ಳೋ ಎಂದ. ಅವನ ತೋಳು ಕಬ್ಬಿಣ, ನಾಲಿಗೆ ಕತ್ತರಿ. ಆಮೇಲೆ ಪರದೇಶಿಯ ಮೈಮುಟ್ಟುವ ಧೈರ್ಯ ಯಾವನಿಗೂ ಬರಲಿಲ್ಲ. ಲೋಕದಲ್ಲಿ ತನ್ನದು ಎಂದು ಅವನಿಗಿದ್ದ ಜಾಗ ಆ ಹಲಗೆಯೊಂದೇ.

ಶಾಲೆಯ ಮುಂದಿನ ಏರಿನಲ್ಲಿ ಮಾತ್ರ ಪರದೇಶಿ ಭಾರ ತಗ್ಗಲೆಂದು ಇಳಿದು, ಹಲಗೆಯ ಮೇಲೆ ಕೈಯಿಟ್ಟು ನಡೆಯುತ್ತಿದ್ದ. ಹೆಡ್‌ಮಾಸ್ತರರ ಕಣ್ಣಿಗೆ ಬಿದ್ದದ್ದು ಅಷ್ಟೇ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಮಹಾಶಯರು ಅವರು! ಕುಂಟನನ್ನು ದಿನಾ ತಳ್ಳಿ ತರುವ ಪುಣ್ಯಾತ್ಮನೆಂದು ಶಾಲೆಯ ಸಭೆಯಲ್ಲಿ ಪರದೇಶಿಯ ಕೊರಳಿಗೆ ಪದಕ ಹಾಕಿಯೇಬಿಟ್ಟರು. ಇವನು ಬಾಯಿ ಬಿಡಲಿಲ್ಲ. ಮುಂದಿನ ಸಾಲಿನಲ್ಲಿ ಅತ್ತೆ, ಇವನು ನಮ್ಮ ಹುಡುಗ ಎಂದು ಪಕ್ಕದವರಿಗೆ ಹೇಳುತ್ತಿದ್ದಳು. ಹೇಡಿಗೆ ಅಷ್ಟು ಸಾಕಾಯಿತು.

ಮರುದಿನ ಮೂರುಗಾಲಿ ದರ್ಜಿಯ ಬಾಗಿಲಿಗೆ ಗಾಡಿ ತಂದು, ಕೈ ಕಟ್ಟಿಕೊಂಡು ಕೂತ.

“ತಳ್ಳಪ್ಪಾ, ಪುಣ್ಯಾತ್ಮ.”

ತಳ್ಳಿದ. ದಾರಿಯುದ್ದಕ್ಕೂ ಶಹಬ್ಬಾಸ್‌ಗಿರಿ. ಮೊನ್ನೆಯವರೆಗೂ ದೂರ ನಿಂತು ಇಬ್ಬರ ಮೇಲೂ ಕಲ್ಲು ಬೀಸುತ್ತಿದ್ದ ಪೋಕರಿಗಳ ಅಪ್ಪಂದಿರು, ಹುಟ್ಟಿದರೆ ಇಂಥ ಮಗ ಹುಟ್ಟಬೇಕು ಎಂದು ಲೊಚಗುಟ್ಟಿದರು. ಅವರ ಕರುಣೆಗಿಷ್ಟು ಬೆಂಕಿ ಹಾಕ. ಹೊಗಳಿ ಹೊನ್ನಶೂಲಕ್ಕೇರಿಸುವುದೆಂದರೆ ಇದೇ. ವಾರಗಟ್ಟಲೆ ತಳ್ಳಿದ, ಮುಂದೆ ಕೂತವನು ತಿರುಗಿ ಒಂದು ಮಾತಾಡಲಿಲ್ಲ. ಬೈದಿದ್ದರೂ ತಡೆದುಕೊಳ್ಳಬಹುದಿತ್ತು.

ಕೊನೆಗೊಂದು ಬೆಳಗ್ಗೆ ಹೆಡ್‌ಮಾಸ್ತರರು ಶಾಲೆಯ ಗೇಟಿನಲ್ಲಿ ಯಾರೋ ದೊಡ್ಡ ಮನುಷ್ಯರಿಗೆ ಇವರಿಬ್ಬರನ್ನು ಬೆರಳು ಮಾಡಿ ತೋರಿಸುತ್ತಿದ್ದರು. ಪರದೇಶಿ ಗಾಡಿ ಬಿಟ್ಟು ಮುಂದೆ ಬಂದ.

“ಸಾರ್, ಪದಕ ಕೊಡೋಕ್ಮುಂಚೆ ನಾನು ಯಾವತ್ತೂ ತಳ್ತಿರ್ಲಿಲ್ಲ. ಇವನೇ ನನ್ನ ಕೂರಿಸ್ಕೊಂಡು ಬರ್ತಿದ್ದ. ಸುಳ್ಳಿಗೇ ಪದಕ ತಗೊಂಡೆ.”

ಜೇಬಿನಿಂದ ಪದಕ ತೆಗೆದು ಅವರ ಕೈಗಿಟ್ಟ. ಹೆಡ್‌ಮಾಸ್ತರರ ಕಣ್ಣು ತುಂಬಿ ಬಂತು. ನೋಡಿದಿರಾ, ಎಂಥ ವಿನಯ ಎಂದು ಅತಿಥಿಗೆ ಹೇಳಿ, ಪದಕವನ್ನು ಮತ್ತೆ ಅವನ ಕೊರಳಿಗೇ ಹಾಕಿದರು.

ಪರದೇಶಿಗೆ ಅಳು ಉಕ್ಕಿತು. ಮೂರುಗಾಲಿ ಹೆಡ್‌ಮಾಸ್ತರರನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಕಟ್ಟಿದ್ದ ಕೈ ಬಿಚ್ಚಿ ಹಿಡಿಕೆಗೆ ಹಾಕಿದ.

“ಇವರಿಗೆ ಹೇಳಿ ಪ್ರಯೋಜನ ಇಲ್ಲ ಕಣೋ. ನಂಗೆ ಕೇಳಿಸ್ತು. ಹಲಗೆ ಹತ್ತು.”